ಹುಳದ ಮನೆಯ ಉಪ್ಪುನೀರು

ನಾನು ಮೊದಲಿಂದಲೂ ಪುಕ್ಕಲಿ. ಹಲ್ಲಿನ ವಿಷಯದಲ್ಲಂತೂ ಕೇಳಲೇಬೇಡಿ. ಮೇಲಿನ ದವಡೆ ಹಲ್ಲು ಕೀಳಿಸಿದರೆ ಆ ಕಡೆಯ ಕಣ್ಣು ಹೋಗುತ್ತದೆ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಮಾಗಡಿ ಕಡೆಯ ಕಲ್ಯದಿಂದ ಹೊಂಗನೂರಿಗೆ ಸೊಸೆಯಾಗಿ ಬಂದಾಗ ಪಾತ್ರೆಪಗಡಗಳ ಜೊತೆಗೆ ಒಂದು ಹುಳುಕು ಹಲ್ಲನ್ನೂ ತಂದಿದ್ದೆ.

ಆಗ ಚನ್ನಪಟ್ಟಣದ ಸುತ್ತ ಯಾರ ಮನೆಗೆ ಹೋದರೂ ರೇಷ್ಮೆ ಹುಳ. ನಮ್ಮ ಮನೆಯ ಹಜಾರವೆಲ್ಲ ಹುಳದ್ದು, ಅತ್ತೆ, ಯಜಮಾನರು, ನಾನು ಮೂವರೂ ಅಡುಗೆಮನೆಯಲ್ಲಿ ಮುದುರಿಕೊಂಡು ಬದುಕುತ್ತಿದ್ದೆವು. ಆ ಹಜಾರಕ್ಕೆ ಹುಳದ ಮನೆ ಎಂದೇ ಹೆಸರು. ಅದರ ಬಾಗಿಲ ಪಕ್ಕ ಒಂದು ಚೊಂಬು ನೀರು, ತೆಂಗಿನ ಕರಟದಲ್ಲಿ ಕಲ್ಲುಪ್ಪು. ಯಾರೇ ಒಳಗೆ ಹೋಗಲಿ, ಕೈಕಾಲು ತೊಳೆದು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿಯೇ ಹೋಗಬೇಕು. ಹುಳಕ್ಕೆ ಹೊಗೆಸೊಪ್ಪು ಘೋರ ವಿಷ. ಅದನ್ನು ಮುಟ್ಟಿದ ಕೈಯಲ್ಲಿ ಮೇವು ಹಾಕಿದರೂ ಸಾಕು, ಹುಳ ತಲೆ ಎತ್ತಿ, ವಾಂತಿ ಮಾಡಿಕೊಂಡು ಸಾಯುತ್ತದೆ.

ಈ ಕಾನೂನಿಗೆ ಕಾವಲು ನಮ್ಮತ್ತೆ. ತಮಾಷೆಯೆಂದರೆ ಇಡೀ ಮನೆಯಲ್ಲಿ ಹೊಗೆಸೊಪ್ಪು ಹಾಕುತ್ತಿದ್ದವರು ಅವರೊಬ್ಬರೇ. ಎಲೆ ಅಡಿಕೆ ಸುಣ್ಣದ ಜೊತೆ ಅದನ್ನು ಎಡಗೆನ್ನೆಗೆ ಒತ್ತಿಕೊಂಡರೆ ಊಟದ ಹೊತ್ತಿನವರೆಗೂ ಮಾತೇ ಇಲ್ಲ. ಆದರೆ ಯಜಮಾನರು ಹುಳದ ಮೊಟ್ಟೆ ತಂದ ದಿನ ಅತ್ತೆ ಎಲೆಚೀಲವನ್ನು ದನದ ಕೊಟ್ಟಿಗೆಯ ತೊಲೆಗೆ ಸಿಕ್ಕಿಸಿಬಿಡುತ್ತಿದ್ದರು. ಹುಳ ಗೂಡು ಕಟ್ಟಿ, ಆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವ ತನಕ, ಅಂದರೆ ಹೆಚ್ಚುಕಮ್ಮಿ ಒಂದು ತಿಂಗಳು, ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆಳಿಗ್ಗೆ ಬೇವಿನ ಕಡ್ಡಿ, ಆಮೇಲೆ ದಿನಕ್ಕೆ ನಾಲ್ಕೈದು ಸಲ ಉಪ್ಪುನೀರು. ಆ ತಿಂಗಳು ಅತ್ತೆ ನಕ್ಕರೆ ಹಲ್ಲು ಬೆಳ್ಳಗೆ ಕಾಣುತ್ತಿತ್ತು. ಗಾಡಿಗೆ ಗೂಡು ಏರಿದ್ದೇ ತಡ, ಚೀಲ ಕೆಳಗಿಳಿಯುತ್ತಿತ್ತು.

ಮದುವೆಯಾದ ಎರಡನೇ ವರ್ಷ ಆ ಹಲ್ಲು ನನ್ನನ್ನು ಹಿಡಿದುಕೊಂಡಿತು. ಹುಳ ನಾಲ್ಕನೇ ಸಲ ಪೊರೆ ಕಳಚಿ ಎದ್ದಿದ್ದವು. ಆಗ ಅವಕ್ಕೆ ಬಕಾಸುರನ ಹಸಿವು, ಮೇವು ಎಷ್ಟು ಸುರಿದರೂ ಸಾಲದು. ನನಗೋ ಕೆನ್ನೆ ಬಾತು, ಕಿವಿಯವರೆಗೂ ನೋವು. ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆಂಬ ಭಯಕ್ಕೆ ಸೆರಗು ಹೊದ್ದು ಓಡಾಡಿದೆ. ಹೊಗೆಸೊಪ್ಪು ಇಟ್ಟರೆ ಹಲ್ಲು ಮರಗಟ್ಟುತ್ತದೆಂದು ಕೇಳಿದ್ದೆ. ಕೊಟ್ಟಿಗೆಗೆ ಹೋದೆ, ತೊಲೆಯ ಮೇಲಿನ ಚೀಲದಿಂದ ಒಂದು ಚೂರು ಕಿತ್ತು ಹಲ್ಲಿನ ತೂತಿಗೆ ತುರುಕಿಕೊಂಡೆ. ಅಷ್ಟರಲ್ಲಿ ಯಜಮಾನರು ಮೇವಿಗೆ ಕೂಗಿದರು. ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಓಡಿದೆ. ಉಪ್ಪುನೀರು ತೂತಿಗೆ ತಗುಲಿದರೆ ಜೀವ ಹೋಗುತ್ತಿತ್ತು, ಅದಕ್ಕೇ ಚೊಂಬು ಮುಟ್ಟಲಿಲ್ಲ. ಇಷ್ಟೇ ಇಷ್ಟು ಚೂರಿಗೆ ಏನಾದೀತು ಅಂದುಕೊಂಡೆ. ನಮ್ಮ ಕಲ್ಯದಲ್ಲಿ ರಾಗಿ, ಕುರಿ ಬಿಟ್ಟರೆ ಹುಳ ಕಂಡವರು ಯಾರು?

ಮಧ್ಯಾಹ್ನದ ಹೊತ್ತಿಗೆ ನಾನು ಮೇವು ಹಾಕಿದ ಎರಡು ಬಿದಿರು ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಕಂದು ನೀರು. ಬಾಯಲ್ಲಿದ್ದ ಚೂರನ್ನು ಉಗಿಯಲೂ ಭಯ, ನುಂಗಲೂ ಭಯ.

ಯಜಮಾನರು ತಟ್ಟೆ ನೋಡಿದವರೇ ನೇರ ಅವರವ್ವನ ಮೇಲೆ ಎಗರಿದರು. "ಅವ್ವಾ, ಒಗೆಸೊಪ್ಪು ಆಕ್ಕಂಡ್ ಒಳೀಕ್ ಬಂದಿದ್ಯಾ?"

ಅತ್ತೆ ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಕೆನ್ನೆಗೆ ಹೋಗಿತ್ತು. ಅವರಿಗೆ ಗೊತ್ತಾಗಿಹೋಯಿತು.

"ಊಂ ಕಣಪ್ಪ, ಒಸಿ ಆಕಂಡಿದ್ದೆ. ಮರ್ತ್ ಬಂದ್ಬುಟ್ಟೆ" ಅಂದರು.

"ಇನ್ಮ್ಯಾಕೆ ನೀನು ಈ ಬಾಗ್ಲು ದಾಟ್ಬ್ಯಾಡ."

ನಾನು ಬಾಯಿಬಿಡಲಿಲ್ಲ. ಆ ಎರಡು ತಟ್ಟೆಯ ಹುಳ ತಿಪ್ಪೆಗುಂಡಿಗೆ ಹೋದವು, ಮಿಕ್ಕವು ಉಳಿದವು. ನೋವೂ ಒಂದು ವಾರಕ್ಕೆ ಇಳಿಯಿತು. ಸದ್ಯ ಪಾರಾದೆ ಅಂದುಕೊಂಡೆ, ಎಂಥ ದಡ್ಡಿ ನಾನು! ಹುಳದ ಮನೆಗೆ ಹೋಗುವಂತಿಲ್ಲ ಎಂದಮೇಲೆ ಅತ್ತೆ ಬಾಯಿ ತೊಳೆಯುವುದಾದರೂ ಯಾಕೆ? ಚೀಲ ಮತ್ತೆ ತೊಲೆ ಹತ್ತಲೇ ಇಲ್ಲ. ಹುಳದ ಬೆಳೆಯ ಮೇಲೆ ಬೆಳೆ ಬಂದವು, ಅವರು ಜಗುಲಿಯಲ್ಲಿ ಎಡಗೆನ್ನೆ ಉಬ್ಬಿಸಿಕೊಂಡು ಕೂತೇ ಇದ್ದರು. ವರ್ಷದಲ್ಲಿ ನಾಲ್ಕೈದು ತಿಂಗಳಾದರೂ ಚೊಕ್ಕವಾಗಿರುತ್ತಿದ್ದ ಬಾಯಿಗೆ ಈಗ ಒಂದು ದಿನವೂ ಬಿಡುವಿಲ್ಲ. ಅವರು ಎಲೆ ಮಡಿಸುವಾಗೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಹೀಗೆ ಎರಡು ವರ್ಷ. ಒಂದು ಬೆಳಿಗ್ಗೆ ಅತ್ತೆ ಸಾರಿನ ಬಟ್ಟಲು ಪಕ್ಕಕ್ಕಿಟ್ಟು, "ಯಾಕೋ ಖಾರ ತಡಿಯಕ್ಕಾಯ್ತಾ ಇಲ್ಲ ಕಣಮ್ಮಿ" ಅಂದರು. ಬಾಗಿಲ ಬೆಳಕಿಗೆ ಕರೆದು ಬಾಯಿ ತೆಗೆಸಿದೆ. ಎಡಗೆನ್ನೆಯ ಒಳಗೆ, ಹೊಗೆಸೊಪ್ಪು ಇಡುವ ಜಾಗದಲ್ಲೇ, ಸುಣ್ಣ ಬಳಿದ ಹಾಗೆ ಬೆಳ್ಳಗೆ ಒಂದು ಮಚ್ಚೆ. ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ನನಗೆ ಆ ಎರಡು ತಟ್ಟೆಗಳು ಕಣ್ಣಿಗೆ ಕಟ್ಟಿದವು. ಸಾಸಿವೆಯಷ್ಟು ವಿಷಕ್ಕೆ ಅಷ್ಟೊಂದು ಹುಳ ಸತ್ತಿದ್ದವು, ಇವರು ಅದನ್ನು ಹಿಡಿ ಹಿಡಿ ಇಟ್ಟುಕೊಂಡಿದ್ದರು. ಹುಳಕ್ಕಾಗಿ ಬಾಯಿ ತೊಳೆದೆವು, ನಮಗಾಗಿ ಒಂದು ದಿನವೂ ತೊಳೆಯಲಿಲ್ಲವಲ್ಲ ಅನ್ನಿಸಿತು.

ಮಾರನೇ ದಿನ ರಾಮನಗರದ ಬಸ್ಸು ಹತ್ತಿದೆವು. ಹಲ್ಲಿನ ಡಾಕ್ಟರು ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು.

"ಹೊಗೆಸೊಪ್ಪು ಪೂರ್ತಿ ಬಿಟ್ಟು ಒಂದು ತಿಂಗಳು ನೋಡೋಣ. ದಿನಾ ಎರಡು ಸಲ ಹಲ್ಲುಜ್ಜಿ, ಊಟ ಆದಮೇಲೆ ಬಾಯಿ ಮುಕ್ಕಳಿಸಿ. ಕರಗಿದರೆ ಒಳ್ಳೆಯದು. ಕರಗದಿದ್ದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಗಂಟಾದರೆ, ಹುಣ್ಣಾದರೆ ತಿಂಗಳವರೆಗೆ ಕಾಯಬೇಡಿ" ಅಂದರು. ಯಾವ ಪರೀಕ್ಷೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. "ಸುಮ್ಕೆ ಬುಡು ಅಂದ್ರೆ ನಂಗಾಗಕ್ಕಿಲ್ಲ ಕಣಮ್ಮಿ. ಉಳ ಐತೆ ಅಂತ ಬುಡ್ತಿದ್ದೆ. ನಂಗೋಸ್ಕರ ಯಾವತ್ ಬುಟ್ಟಿದ್ದೀನಿ?"

ಒಂದು ತಿಂಗಳು ಅಂದರೆ ಒಂದು ಬೆಳೆ. ಅಷ್ಟು ದಿನ ಅತ್ತೆ ಹೊಗೆಸೊಪ್ಪು ಬಿಡಬೇಕಾದರೆ ಹುಳದ ಮನೆಯೊಳಗೆ ಹೋಗಬೇಕು. ಅವರು ಹೋಗಬೇಕಾದರೆ ನಾನು ಬಾಯಿಬಿಡಬೇಕು. ಆ ಬಾಯಿ ಬಿಡುವುದಕ್ಕೆ ನನಗೆ ಡಾಕ್ಟರ ಇಕ್ಕಳಕ್ಕಿಂತ ಹೆಚ್ಚು ಭಯ.

ಮನೆಗೆ ಬಂದವಳೇ, ಹೊಸ ಮೊಟ್ಟೆಗೆ ತಟ್ಟೆ ತೊಳೆಯುತ್ತಿದ್ದ ಯಜಮಾನರ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದೆ. "ಅವತ್ತು ಹುಳ ಸಾಯಿಸಿದ್ದು ನಾನು. ಹಲ್ಲಿಗೆ ಹೊಗೆಸೊಪ್ಪು ಇಟ್ಟಿದ್ದೆ. ಅತ್ತೆದೇನೂ ತಪ್ಪಿಲ್ಲ." ಬೈಯುತ್ತಾರೆ, ಹೊಡೆದರೂ ಹೊಡೆದಾರು ಅಂದುಕೊಂಡೆ. ಅವರು ತಟ್ಟೆ ಕೆಳಗಿಟ್ಟರು, ಜಗುಲಿಯಲ್ಲಿ ಕೂತಿದ್ದ ತಾಯಿಯ ಕಡೆ ನೋಡಿದರು, ಚೊಂಬಿಗೆ ನೀರು ತುಂಬಿ ಕರಟದಲ್ಲಿ ಉಪ್ಪು ತಂದಿಟ್ಟರು. ನನ್ನೊಂದಿಗೆ ಒಂದು ವಾರ ಮಾತಾಡಲಿಲ್ಲ.

ಅತ್ತೆ ಹೊಸ್ತಿಲಲ್ಲಿ ನಿಂತು ಉಪ್ಪುನೀರು ಮುಕ್ಕಳಿಸಿದರು. ಉರಿಗೆ ಕಣ್ಣಲ್ಲಿ ನೀರು ಬಂತು. ಉಗಿದು, ನನ್ನ ಮುಂದೆ ಬಾಯಿ ತೆಗೆದು, "ವಾಸ್ನೆ ಐತಾ ನೋಡು" ಅಂದರು. ಮಚ್ಚೆ ಹಾಗೇ ಇತ್ತು.

"ಇಲ್ಲ ಅತ್ತೆ, ಬನ್ನಿ ಒಳಗೆ" ಅಂದೆ.

ಎಲೆಚೀಲ ಮತ್ತೆ ಕೊಟ್ಟಿಗೆಯ ತೊಲೆ ಏರಿತು. ಆ ತಿಂಗಳು ದಿನಾ ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಅವರ ಕೆನ್ನೆ ನೋಡುವುದು ನನ್ನ ಕೆಲಸವಾಯಿತು. ನೋಡುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಡುವೆ ಒಂದು ದಿನ ನಾನೂ ಹೋಗಿ ಹುಳುಕು ಹಲ್ಲು ಕೀಳಿಸಿಕೊಂಡೆ. ಹೊರಗೆ ಬಂದು ಒಂದೊಂದೇ ಕಣ್ಣು ಮುಚ್ಚಿ ಬಸ್ಸಿನ ಬೋರ್ಡು ಓದಿದೆ. ಎರಡೂ ಕಾಣುತ್ತಿದ್ದವು.

ಗೂಡು ಬಿಡಿಸುವ ಹೊತ್ತಿಗೆ ಮಚ್ಚೆ ಅರ್ಧ ಕರಗಿತ್ತು. ಡಾಕ್ಟರು ಇನ್ನೊಂದು ತಿಂಗಳು ನೋಡೋಣ ಅಂದರು. ಮಾರ್ಕೆಟ್ಟಿಗೆ ಗೂಡಿನ ಗಾಡಿ ಹೊರಟ ಬೆಳಿಗ್ಗೆ ಹುಳದ ಮನೆ ಖಾಲಿ ಹೊಡೆಯುತ್ತಿತ್ತು. ಎಲೆಚೀಲ ಕೆಳಗಿಳಿಯುತ್ತಿದ್ದ ದಿನ ಅದು. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ತೊಲೆಯನ್ನೇ ನೋಡುತ್ತಿದ್ದರು. ನಾನು ಹತ್ತಿರ ಹೋದದ್ದು ಗೊತ್ತಾಗಿ, ತಿರುಗದೆಯೇ ಕೇಳಿದರು.

"ಮುಂದಿನ್ ಬೆಳೆ ಮೊಟ್ಟೆ ಯಾವಾಗ್ ತತ್ತಾನೆ ನಿನ್ ಗಂಡ? ಇವತ್ತೇ ತರಕ್ಕೇಳು ಮಗಾ. ನಂಗೆ ಬಯ ಆಯ್ತದೆ."