ನಾನು ತಿದ್ದಿದ ಪ್ರಶ್ನೆ

ರೇಷ್ಮೆಯ ಹುಳುಮನೆ ತೊಳೆಯುವಾಗ ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಬಡಿದರೆ ಸಾಕು, ಶಿಡ್ಲಘಟ್ಟದ ಸಾಹೇಬರು ನೆನಪಾಗುತ್ತಾರೆ. ಹುಳುಮನೆ ತೊಳೆಯುವ ಕ್ರಮವನ್ನು ನಾನು ಕಲಿತದ್ದೇ ಅವರಿಂದ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಅವರು, ರೇಷ್ಮೆ ಹುಳು ಸಾಕುವವರ ಆನ್‌ಲೈನ್ ವೇದಿಕೆಯಲ್ಲಿ ಯಾರು ಏನು ಕೇಳಿದರೂ ಬೇಸರವಿಲ್ಲದೆ ಉತ್ತರ ಬರೆಯುತ್ತಿದ್ದರು. ನಾನು ಅವರ ಮುಖ ನೋಡಿರಲಿಲ್ಲ…

ಮೇಲೂರಿನಲ್ಲಿ ನಾನೊಬ್ಬಳೇ ನಿಂತು ಎತ್ತಿದ ಮೊದಲ ಬೆಳೆ ಅದು. ಮೂರನೇ ಜ್ವರಕ್ಕೆ, ಅಂದರೆ ಪೊರೆ ಬಿಡುವುದಕ್ಕೆ, ಇನ್ನೇನು ಹತ್ತಿರ ಎನ್ನುವಾಗ ಹುಳುಗಳು ಸೊಪ್ಪು ಮುಟ್ಟಲಿಲ್ಲ. ‘ಹುಳ ತಿಂತಿಲ್ಲ, ಏನ್ಮಾಡ್ಲಿ?’ ಎಂದಷ್ಟೇ ವೇದಿಕೆಯಲ್ಲಿ ಕೇಳಿದೆ. ‘ಜ್ವರಕ್ಕೆ ಕೂತಿವೆ. ಸೊಪ್ಪು ನಿಲ್ಸಿ, ಸುಣ್ಣ ಉದುರ್ಸಿ. ಗಾಬರಿ ಬೇಡ’ ಎಂದು ಸಾಹೇಬರು ಬರೆದರು.

ಗಾಬರಿಯಾಗದೆ ಇರುತ್ತದೆಯೇ! ನಾನು ಮುಚ್ಚಿಟ್ಟದ್ದು ನನಗೆ ಗೊತ್ತಿತ್ತಲ್ಲ. ನಮ್ಮ ಸೊಪ್ಪಿನ ತೋಟದ ಪಕ್ಕದಲ್ಲೇ ಚಿಕ್ಕಪ್ಪನ ದ್ರಾಕ್ಷಿ ತೋಟಕ್ಕೆ ಕೀಟದ ಔಷಧಿ ಹೊಡೆದಿದ್ದರು, ಹುಳುಗಳು ವಾಂತಿ ಮಾಡುತ್ತಿದ್ದವು. ಮನೆಯ ಮಾತು ಊರಿಗೇಕೆ ಎಂದು ಬಿಟ್ಟಿದ್ದೆ. ಈಗ ಹೆದರಿ, ಮೊದಲಿನ ಪ್ರಶ್ನೆಯನ್ನೇ ತಿದ್ದಿ ಎಲ್ಲವನ್ನೂ ಸೇರಿಸಿದೆ. ಅವರ ಉತ್ತರ ಮಾತ್ರ ಕೆಳಗೆ ಹಾಗೇ ಉಳಿಯಿತು. ಆಮೇಲೆ ಬಂದವರು, ‘ಅಯ್ಯೋ, ವಿಷಕ್ಕೆ ಸುಣ್ಣನಾ? ಸಾಹೇಬ್ರಿಗೆ ಪ್ರಶ್ನೆ ಓದೋಕೂ ಬರಲ್ವಾ?’ ಎಂದು ಆಡಿಕೊಂಡರು. ಪ್ರಶ್ನೆಯನ್ನು ಆಮೇಲೆ ತಿದ್ದಿದ್ದು ನಾನೇ ಎಂದು ಹೇಳಲಿಲ್ಲ. ಥೂ, ಈಗಲೂ ನಾಚಿಕೆಯಾಗುತ್ತದೆ.

ಅವರು ಯಾರೊಂದಿಗೂ ಜಗಳಕ್ಕೆ ಇಳಿಯಲಿಲ್ಲ. ‘ಕೂಡ್ಲೇ ಹುಳನ ಹೊಸ ಹಾಸಿಗೆಗೆ ಎತ್ತಿ, ಗಾಳಿ ಆಡ್ಲಿ, ಬೇರೆ ತೋಟದ ಸೊಪ್ಪು ಹಾಕಿ’ ಎಂದು ಹೊಸ ಉತ್ತರ ಬರೆದು, ನನ್ನ ನಂಬರ್ ಕೇಳಿ ಫೋನ್ ಮಾಡಿದರು.

“ಪ್ರಶ್ನೆ ತಿದ್ಬೇಡಮ್ಮ, ಹೊಸ ವಿಷ್ಯ ಕೆಳಗೆ ಸೇರ್ಸು. ನನ್ನ ಬೈದ್ರೆ ಬೈಕೊಳ್ಲಿ. ನಾಳೆ ಇನ್ಯಾರೋ ಅದನ್ನೋದಿ ವಿಷಕ್ಕೆ ಸುಣ್ಣ ಹಾಕ್ಬಿಟ್ರೆ, ಅವ್ರ ಹುಳ ಹೋಗ್ತವಲ್ಲಮ್ಮ!”

ಅಂದೇ ಪ್ರಶ್ನೆಯನ್ನು ಮೊದಲಿನಂತೆ ಮಾಡಿ, ಹೊಸದನ್ನು ಕೆಳಗೆ ಸೇರಿಸಿ, ತಪ್ಪು ನನ್ನದೆಂದು ಬರೆದೆ. ಅವರು ಹೇಳಿದಂತೆ ಮಾಡಿದ್ದಕ್ಕೆ ಬಹುಪಾಲು ಹುಳುಗಳು ಉಳಿದು ಗೂಡು ಕಟ್ಟಿದವು. ಅವರ ಋಣ ದೊಡ್ಡದು. ಆದರೆ ಗೂಡು ಬಿಡಿಸುವ ಗಡಿಬಿಡಿ, ಮತ್ತೆ ಹೊಸ ಬೆಳೆ… ವೇದಿಕೆಯ ಕಡೆ ಮತ್ತೆ ತಲೆ ಹಾಕಲೇ ಇಲ್ಲ.

ಈಚೆಗೆ ಕೈಮುಗಿದು ಬರೋಣವೆಂದು ಅವರ ಮನೆ ಹುಡುಕಿಕೊಂಡು ಹೋದೆ. ಸಾಹೇಬರು ತೀರಿಕೊಂಡು ಕೆಲವು ತಿಂಗಳಾಗಿತ್ತು. ಅವರ ಮಗಳು ಕೂರಿಸಿ ಟೀ ಕೊಟ್ಟರು. ನಾನು ಯಾರೆಂದು ಹೇಳುತ್ತಲೇ ಅವರ ಮುಖ ಅರಳಿತು.

“ಮೇಲೂರವ್ರಾ? ನಿಮ್ಮ ಹುಳ ಉಳ್ಕೊಂಡ್ವಾ? ನೀವು ಏನಾದ್ರೂ ಬರ್ದಿದ್ದೀರಾ ಅಂತ ನಮ್ಮ ಅಬ್ಬಾ ಫೋನ್ ತೆಗ್ದು ತೆಗ್ದು ನೋಡ್ತಿದ್ರು.”

ಮನೆಗೆ ಬಂದು ಅವರ ಉತ್ತರದ ಕೆಳಗೆ ಬರೆದೆ: ‘ಉಳ್ಕೊಂಡ್ವು ಸಾಹೇಬ್ರೇ.’