ಐದು ಕಮಾನಿನ ಬಿಲ್ಲೆ

ಗಡಿಯಾರ ರಿಪೇರಿ ಮಾಡುತ್ತಿದ್ದವನಿಗೆ ಬಿಲ್ಲೆಯಪ್ಪ ಎಂಬ ಹೆಸರು ಅಂಟಿಕೊಂಡದ್ದು ಹಳೆಯ ಸೈನಿಕರ ಟೋಪಿ, ಕಾಲರುಗಳ ಬಿಲ್ಲೆಗಳಿಂದ. ಯಾರದೋ ತಾತನ ಟ್ರಂಕಿನಲ್ಲಿ ಸಿಕ್ಕ ಬಿಲ್ಲೆಯನ್ನು ಅವನ ಮುಂದಿಟ್ಟರೆ ಮೊದಲು ಬೋರಲು ಹಾಕುತ್ತಿದ್ದ. ಮುಂದುಗಡೆಯ ಸಿಂಹ, ಕತ್ತಿ, ಕಿರೀಟಗಳನ್ನು ಯಾರು ಬೇಕಾದರೂ ಅಚ್ಚು ಹೊಡೆದಾರು. ನೋಡಬೇಕಾದದ್ದು ಹಿಂದಿನ ಬೆಸುಗೆ, ಪಿನ್ನಿನ ಕೀಲು, ಸಂದಿಯಲ್ಲಿ ಕೂತ ಪಾಲಿಷಿನ ಕರೆ. ಆಮೇಲೆ ಯಾವ ಪಲ್ಟಣದ್ದು, ಯಾವ ಕಾಲದ್ದು ಎಂದು ಚೀಟಿ ಬರೆದು, ಕೆಳಗೆ 'ಅಸಲಿ' ಎಂದು ಸಹಿ ಹಾಕುತ್ತಿದ್ದ. ಆ ಸಹಿ ಇದ್ದರೆ ಹಳೆ ಸಾಮಾನಿನ ವ್ಯಾಪಾರಿಗಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆಸ್ತಿ ಅಂತ ಅವನಿಗಿದ್ದದ್ದು ಅದೊಂದೇ, ಅದರ ಜಂಬವೂ ಸ್ವಲ್ಪ ಇತ್ತೆನ್ನಿ.

ಈ ವಿದ್ಯೆಯನ್ನೆಲ್ಲ ಅವನು ಧಾರೆ ಎರೆದದ್ದು ಹೆಂಡತಿಯ ತಮ್ಮನಿಗೆ. ಬಾಮೈದ ಲೋಹದ ಕೆಲಸದವನು. ಕೈ ಚುರುಕು, ಮಾತು ಬೆಣ್ಣೆ. ಕಣ್ಣಿಗೆ ಪೊರೆ ಬಂದು ಬಿಲ್ಲೆಯಪ್ಪನಿಗೆ ಎಲ್ಲವೂ ಮಂಜಾದಾಗ, ಎರಡು ವರ್ಷ ಬಾಮೈದನೇ ಪಕ್ಕದಲ್ಲಿ ಕೂತು ನೋಡಿ ಹೇಳಿದ, ಇವನು ನಂಬಿ ಸಹಿ ಹಾಕಿದ. ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಇಷ್ಟು ಮಾಡುತ್ತಿರಲಿಲ್ಲ ಎಂದು ಹೆಂಡತಿಯ ಮುಂದೆ ಹೊಗಳಿದ್ದೂ ಉಂಟು.

ಪೊರೆ ತೆಗೆಸಿ ತಿಂಗಳಾಗಿತ್ತು. ಒಂದು ಬೆಳಿಗ್ಗೆ ನಿವೃತ್ತ ಟೀಚರೊಬ್ಬರು ಬಂದು ಒಂದು ಬಿಲ್ಲೆಯನ್ನೂ ಅವನದೇ ಚೀಟಿಯನ್ನೂ ಮೇಜಿನ ಮೇಲಿಟ್ಟರು. ಸೇತುವೆ ಕಟ್ಟುವ ದಳದ ಕಾಲರ್ ಬಿಲ್ಲೆ. ಅವರ ತಂದೆ ಆ ದಳದಲ್ಲಿದ್ದವರು. ಅವರದು ಎಂದೋ ಕಳೆದುಹೋಗಿ, ಇದನ್ನು ವ್ಯಾಪಾರಿಯಿಂದ ಕೊಂಡಿದ್ದರು.

"ಅಪ್ಪನ ಫೋಟೋ ಜೊತೆ ಕಟ್ಟು ಹಾಕಿಸ್ಬೇಕು. ಇದು ಯಾವ ಕಡೆ ಕಾಲರ್‌ದು, ಹೇಳ್ತೀರಾ?"

ಬೋರಲು ಹಾಕಿದ. ಕೀಲು ಸರಿ, ಬೆಸುಗೆ ಸರಿ, ಸವೆತವೂ ಸರಿ. ತಿರುಗಿಸಿದ. ಸೇತುವೆಗೆ ಐದು ಕಮಾನು. ಮತ್ತೊಮ್ಮೆ ಎಣಿಸಿದ. ಐದೇ.

ಆ ದಳದ ಬಿಲ್ಲೆಗೆ ಇದ್ದದ್ದು ನಾಲ್ಕೇ ಕಮಾನು. ಐದು ಕಮಾನಿನದು ಇಡೀ ಲೋಕದಲ್ಲಿ ಇದ್ದದ್ದು ಬಾಮೈದನ ನೋಟುಪುಸ್ತಕದಲ್ಲಿ ಮಾತ್ರ. ಕಲಿಸುವ ದಿನಗಳಲ್ಲಿ ಮಾಸಿದ ಫೋಟೋ ಒಂದನ್ನು ನೋಡಿ ಬಿಲ್ಲೆಯಪ್ಪನೇ ಅದನ್ನು ತಪ್ಪಾಗಿ ಬಿಡಿಸಿಕೊಟ್ಟಿದ್ದ. ಮುಂದೊಂದು ದಿನ ಅಸಲಿ ಬಿಲ್ಲೆ ಕೈಗೆ ಬಂದಾಗ ಗೊತ್ತಾಯಿತು; ಶಿಷ್ಯನೆದುರು ಒಪ್ಪಿಕೊಳ್ಳಲು ನಾಚಿಕೆಯಾಗಿ ಬಾಯಿ ಬಿಟ್ಟಿರಲಿಲ್ಲ.

"ಸಂಜೆ ಬನ್ನಿ ಟೀಚರೇ" ಎಂದು ಬಿಲ್ಲೆ ಇಟ್ಟುಕೊಂಡು ಸೀದಾ ಬಾಮೈದನ ವರ್ಕ್‌ಶಾಪಿಗೆ ನಡೆದ.

"ಇದನ್ನ ಮಾಡಿದ್ದು ನೀನೇನೋ?"

ಬಾಮೈದ ಅರ ಕೆಳಗಿಟ್ಟ. ಇಲ್ಲವೆನ್ನುವ ಸೌಜನ್ಯವನ್ನೂ ತೋರಲಿಲ್ಲ. "ಹೇಗ್ ಗೊತ್ತಾಯ್ತು ಭಾವ? ಹಿಂದ್ಗಡೆ ಎಲ್ಲಾ ನೀವು ಹೇಳ್ಕೊಟ್ಟ ಹಾಗೇ ಮಾಡಿದೀನಲ್ಲ."

"ನಂಗೆ ಕಣ್ಣು ಕಾಣ್ದಿದ್ದಾಗ, ಸಹಿ ಹಾಕೋ ಜಾಗಕ್ಕೆ ನನ್ನ ಕೈ ಹಿಡಿದು ಇಡ್ತಿದ್ಯಲ್ಲೋ!"

"ಹಾಕಿದ್ದು ನೀವೇ ಅಲ್ವಾ? ಹೊರಗೆ ಹೇಳಿದ್ರೆ ಮೊದ್ಲು ಮಾನ ಹೋಗೋದು ನಿಮ್ದೇ. ಅಕ್ಕನ ಮುಖ ನೋಡಿ ಸುಮ್ನಿದ್ಬಿಡಿ."

ಹೊಡೆಯಬೇಕೆನಿಸಿತು, ಅಳುವೂ ಬಂತು. ಎರಡೂ ಮಾಡಲಾಗದೆ ಬಿಲ್ಲೆಯಪ್ಪ ಹಿಂದಿರುಗಿದ. ಎಡಗಡೆ ಕಾಲರ್ ಅಂತ ಹೇಳಿ ಕಳಿಸಿಬಿಟ್ಟರೆ ಯಾರಿಗೆ ಗೊತ್ತಾದೀತು ಎಂಬ ಯೋಚನೆ ದಾರಿಯಲ್ಲಿ ಬಂದದ್ದು ಸುಳ್ಳಲ್ಲ.

ಸಂಜೆ ಟೀಚರು ಬಂದು ಕೂತಾಗ ಮಾತ್ರ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಬಾಮೈದನ ಕೆಲಸ, ತನ್ನ ತಪ್ಪು ಚಿತ್ರ, ಕಾಣದ ಕಣ್ಣಿನ ಸಹಿ, ಒಂದನ್ನೂ ಬಿಡದೆ ಒಪ್ಪಿಸಿ, ಚೀಟಿಯನ್ನು ಹರಿದ.

"ನನ್ನಿಂದ ನಿಮಗೆ ಮೋಸ ಆಯ್ತು. ಅದಕ್ಕೆ ನಾಲ್ಕೇ ಕಮಾನು ಇರ್ಬೇಕಿತ್ತು."

ಟೀಚರು ಚೀಟಿಯ ಚೂರುಗಳನ್ನು ಒಂದೆಡೆ ಸೇರಿಸಿದರು.

"ನಾಲ್ಕೇ ಇತ್ತು" ಎಂದರು. "ಅಪ್ಪನ ತೊಡೆ ಮೇಲೆ ಕೂತು ಬೆರಳಿಟ್ಟು ಎಣಿಸ್ತಿದ್ದೆ. ನಿಮ್ಮ ಸಹಿ ನೋಡಿದ್ಮೇಲೆ, ಅಪ್ಪನ್ನ ನಾನೇ ಮರೆತೆ ಅಂದ್ಕೊಂಡೆ."