ಬಣ್ಣಗಳಿಗೆ ಬಿಗಿ ಮುಚ್ಚಳ

ಹಪ್ಪಳವನ್ನೂ ಕ್ರೇಯಾನನ್ನೂ ಒಂದೇ ಕಣ್ಣಿನಿಂದ ನೋಡಿದ ತಪ್ಪು ನನ್ನದು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕರಾವಳಿಯಲ್ಲಿ ಸಂಸಾರ ಮಾಡುವವರಿಗೆ ಲೋಕದಲ್ಲಿರುವುದು ಎರಡೇ ಬಗೆಯ ವಸ್ತುಗಳು: ಬೂಷ್ಟು ಹಿಡಿದವು, ಹಿಡಿಯಲಿರುವವು. ಹಾಗಾಗಿ ಮೇ ತಿಂಗಳು ಮುಗಿದು ಮಳೆ ಹಿಡಿಯುವ ಮೊದಲು ಹಪ್ಪಳ, ಹುಣಸೆಹುಳಿ, ಒಣಮೀನು ಎಲ್ಲವೂ ಬಿಗಿ ಮುಚ್ಚಳದ ಡಬ್ಬಿ ಸೇರಿ ಅಟ್ಟ ಏರಬೇಕು. ಮಣಿಪಾಲದ ನಮ್ಮ ಫ್ಲ್ಯಾಟಿಗೆ ಅಟ್ಟವೆಲ್ಲಿ? ಅಡುಗೆಮನೆಯ ಮೇಲಿನ ಕಪಾಟೇ ಅಟ್ಟ. ಈ ಸಲ ಅದೇ ಹುರುಪಿನಲ್ಲಿ ಏಳು ವರ್ಷದ ಮಗಳು ಸಾನ್ವಿಯ ಚಿತ್ರದ ಸಾಮಾನಿಗೂ ಕೈ ಹಾಕಿದೆ. ಕ್ರೇಯಾನಿಗೊಂದು ಡಬ್ಬಿ, ಬಣ್ಣದ ಕಾಗದಕ್ಕೊಂದು, ಗೋಂದಿಗೊಂದು, ತೊಳೆದಿಟ್ಟ ಐಸ್‌ಕ್ರೀಂ ಕಡ್ಡಿಗಳಿಗೊಂದು. ಮೇಲೆ ಹೆಸರಿನ ಚೀಟಿ, ಒಳಗೆ ತೇವ ಹೀರಲು ಅಕ್ಕಿಯ ಪುಟ್ಟ ಗಂಟು. ಎಲ್ಲವನ್ನೂ ಕಪಾಟಿಗೇರಿಸಿ, ಕೆಳಗೆ ನಿಂತು ನಾಲ್ಕು ಸಲ ನೋಡಿ ಸಂತೋಷಪಟ್ಟೆ.

ಮಗಳು ಎರಡು ದಿನ ಕೇಳಿದಳು. "ಅಮ್ಮ, ಹಸಿರು ಕೊಡು." ಸ್ಟೂಲು ಹತ್ತಿ ಕೊಟ್ಟೆ. "ಅಮ್ಮ, ಗೋಂದು." "ಮೊದಲು ಹಸಿರು ವಾಪಸ್ ಕೊಡು."

ಮೂರನೆಯ ದಿನ ಕೇಳಲಿಲ್ಲ. ವಾರ ಕಳೆದರೂ ಕೇಳಲಿಲ್ಲ. ನೆಟ್ಟಗೆ ನಡೆಯಲು ಬರುವ ಮೊದಲೇ ಗೋಡೆ ಗೀಚಿದ ಹುಡುಗಿ ಟಿವಿಯ ಮುಂದೆ ಸುಮ್ಮನೆ ಕೂತಳು. ಮನೆ ಚೊಕ್ಕವಾಗಿತ್ತು, ನನಗೆ ಊಟ ಸೇರಲಿಲ್ಲ.

ಭಾನುವಾರ ಕಾಪುವಿನಿಂದ ಅತ್ತೆ ಬಂದರು. ಮೊಮ್ಮಗಳು ಹೊಸ ಚಿತ್ರ ಹಿಡಿದುಕೊಂಡು ಓಡಿ ಬರಲಿಲ್ಲವೇಕೆ ಎಂದು ಕೇಳಿದರು. ನಾನು ಕಪಾಟು, ಡಬ್ಬಿ, ಅಕ್ಕಿಯ ಗಂಟು ಎಲ್ಲ ತೋರಿಸಿದೆ.

"ಎಂತ ಮಾರಾಯ್ತಿ, ಬಣ್ಣಕ್ಕೂ ಮಡಿ ಉಂಟಾ?"

"ಕೈಗೆ ಕೊಟ್ಟರೆ ಹಾಲ್ ತುಂಬಾ ಹರಡ್ತಾಳೆ ಅತ್ತೆ."

"ನಿನ್ನ ಗಂಡ ಪೇಪರ್ ಹರಡುವುದಿಲ್ವಾ? ಅವನನ್ನೂ ಡಬ್ಬಿಗೆ ಹಾಕಿ ಮೇಲಿಡು. ಅವನಿಗೆ ಪುಟ್ಟ ಗಂಟು ಸಾಲದು, ಇಡೀ ಒಂದು ಮುಡಿ ಅಕ್ಕಿ ಬೇಕಾದೀತು, ಅಷ್ಟೇ."

ನಗು ಬಂತು, ನಾಚಿಕೆಯೂ ಆಯಿತು. ಸಾನ್ವಿಯ ಡಬ್ಬಿಗಳನ್ನೆಲ್ಲ ಇಳಿಸಿ, ಒಳಗಿದ್ದುದನ್ನು ಅಗಲದ ಬುಟ್ಟಿಯೊಂದಕ್ಕೆ ಸುರಿದು ಕಿಟಕಿಯ ಕೆಳಗೆ ಇಟ್ಟೆ. ಮಗಳು ಹತ್ತಿರ ಬಂದು ನಿಂತಳು.

"ಮುಟ್ಟಬಹುದಾ ಅಮ್ಮ?"

ಆ ಒಂದು ಪ್ರಶ್ನೆಗೆ ನನ್ನ ಅಚ್ಚುಕಟ್ಟುತನವೆಲ್ಲ ಇಳಿದುಹೋಯಿತು. "ಕೇಳುವುದೇ ಬೇಡ ಮಗಾ" ಎಂದೆ.

ಸಂಜೆಯ ಹೊತ್ತಿಗೆ ನೆಲದ ಮೇಲೆ ಹಾಸಿದ ಕಾಗದದಲ್ಲಿ ಕಾಪು ಕಡಲತೀರದ ದೀಪಸ್ತಂಭ ಎದ್ದಿತ್ತು, ಹಳದಿ ಮತ್ತು ಬದನೆ ಬಣ್ಣದ ಪಟ್ಟೆಗಳಲ್ಲಿ.

"ಅದು ಕಪ್ಪು-ಬಿಳಿ ಅಲ್ವಾ?" ಎಂದರು ಅತ್ತೆ.

"ಕಪ್ಪು ಸಿಗ್ಲಿಲ್ಲ ಅಜ್ಜಿ. ಇರ್ಲಿ, ಇದೇ ಚಂದ ಉಂಟು."

ಕಪ್ಪು ಕ್ರೇಯಾನು ಸೋಫಾದ ಕಾಲಿನ ಹತ್ತಿರವೇ ಬಿದ್ದಿತ್ತು. ಎತ್ತಲು ಬಾಗಿದವಳು ಆ ಹಳದಿ ಪಟ್ಟೆಗಳನ್ನು ನೋಡಿ ಅರ್ಧದಲ್ಲೇ ನೆಟ್ಟಗಾದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಾಲಿನಿಂದ ಅದನ್ನು ಮೆಲ್ಲಗೆ ಸೋಫಾದ ಅಡಿಗೆ ತಳ್ಳಿದೆ.